ಚಿಕಿತ್ಸೆಯ ನಾಲ್ಕು ಪಾದಗಳು

ಸಂಸಾರವೆಂದ ಮೇಲೆ ಕಾಯಿಲೆ ಕಸಾಲೆಗಳು ತಪ್ಪಿದ್ದಲ್ಲ. ಅವು ಬಂದಾಗ ನಮ್ಮಲ್ಲಿ ಬಹುಮಂದಿ ಮೊದಲು ಹೋಗಿ ನಿಲ್ಲುವುದು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಿನಲ್ಲಿ. ಅಲ್ಲಿಂದ ಹಿಂದಿರುಗಿದವರ ಬಾಯಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರುಗಳು ಎರಡು: “ಬೆಳಗಿನಿಂದ ಕಾಯಿಸಿದರು” ಎಂಬುದೊಂದು, “ಡಾಕ್ಟರು ಮುಖವೆತ್ತಿ ನೋಡಲಿಲ್ಲ” ಎಂಬುದು ಮತ್ತೊಂದು. ಎರಡಕ್ಕೂ ನಾವು ವೈದ್ಯರೊಬ್ಬರನ್ನೇ ಹೊಣೆಮಾಡುತ್ತೇವೆ. ಇದು ಎಷ್ಟರಮಟ್ಟಿಗೆ ನ್ಯಾಯವೆಂಬುದನ್ನು ಈ ತಿಂಗಳು ವಾಚಕರೊಡನೆ ವಿಚಾರಮಾಡಬೇಕೆಂದಿದ್ದೇನೆ. ವಿಚಾರಕ್ಕೆ ಕಾರಣವಾದ ಸಂಗತಿ ನಮ್ಮ ಮನೆಯದೇ ಆದುದರಿಂದ ಅದನ್ನೇ ಮೊದಲು ಹೇಳಿಬಿಡುವೆನು.

ನಮ್ಮ ಅಕ್ಕನಿಗೆ ಎಪ್ಪತ್ತು ದಾಟಿದೆ. ರಕ್ತದ ಒತ್ತಡಕ್ಕಾಗಿ ಕೆಲವು ವರ್ಷಗಳಿಂದ ಮಾತ್ರೆ ಸೇವಿಸುತ್ತಿದ್ದಾಳೆ. ಹೋದ ವರ್ಷ ಒಂದು ದಿನ ಆಕೆಯನ್ನು ಆರೋಗ್ಯ ಕೇಂದ್ರವೊಂದಕ್ಕೆ ಕರೆದುಕೊಂಡು ಹೋಗಿದ್ದೆನು. ಅಲ್ಲಿನ ದಾದಿಯವರು ಬಹು ಎಚ್ಚರಿಕೆಯುಳ್ಳವರು. ಕುಳಿತಾಗ ಒಮ್ಮೆ, ನಿಂತಾಗ ಒಮ್ಮೆ ಒತ್ತಡವನ್ನು ಅಳೆದರು, “ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆಯೇ, ಅಮ್ಮಾ?” ಎಂದು ಕೇಳಿದರು, ಹೌದೆಂದುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು. ಆದರೆ ಆ ಚೀಟಿ ಅವರ ಮೇಜಿನ ಮೇಲೆಯೇ ಉಳಿಯಿತು. ಕುಳಿತಾಗಿನ ಅಂಕಿಯೊಂದು ಮಾತ್ರ ಒಳಗೆ ಹೋಯಿತು. ಅಂಕಿ ಹೆಚ್ಚಾಗಿದ್ದುದನ್ನು ಕಂಡ ವೈದ್ಯರು ಮತ್ತೊಂದು ಮಾತ್ರೆಯನ್ನು ಸೇರಿಸಿದರು. ಅಕ್ಕ ಗೋಡೆ ಹಿಡಿದುಕೊಂಡು ಬಂದುದನ್ನು ನೋಡಿದರೂ ಔಷಧ ಕೊಡುವವರು ಮಾತ್ರೆ ಎಣಿಸಿ ಕೊಟ್ಟರು. ಮೂರನೆಯ ದಿನ ಬೆಳಗ್ಗೆ ಆಕೆ ಹಾಸಿಗೆಯಿಂದೆದ್ದು ಬಚ್ಚಲಿಗೆ ಹೋಗುತ್ತ ಬಿದ್ದು ಮಣಿಕಟ್ಟು ಮುರಿದುಕೊಂಡಳು.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾಗ ಆಕೆ ನನ್ನನ್ನು ಕೇಳಿದ ಪ್ರಶ್ನೆ ಇದು: “ಆ ತಾಯಿ ಬರೆದುಕೊಂಡಳಲ್ಲೋ, ಅದು ಎಲ್ಲಿಗೆ ಹೋಯಿತು?” ನಾನು ಉತ್ತರ ಕೊಡಲಾರದೆ ಹೋದೆನು. ಏಕೆಂದರೆ ವೈದ್ಯರ ಮುಂದೆ ನಾನೂ ಪಕ್ಕದಲ್ಲಿಯೇ ನಿಂತಿದ್ದೆನು. ದಾದಿಯವರು ತಿಳಿಸಿರುತ್ತಾರೆಂದು ಭಾವಿಸಿ ಬಾಯಿಬಿಡಲಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಪಾಲಿನ ಕೆಲಸವನ್ನು ಮಾಡಿದ್ದರು. ಒಬ್ಬರ ಕೆಲಸ ಮತ್ತೊಬ್ಬರ ಕೈಗೆ ಸೇರಿರಲಿಲ್ಲ, ಅಷ್ಟೆ.

ನಮ್ಮ ಪೂರ್ವಿಕರು ಇದನ್ನು ಬಹು ಹಿಂದೆಯೇ ಕಂಡುಕೊಂಡಿದ್ದರು. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳು, ಒಟ್ಟು ಹದಿನಾರು. ಪರಿಚಾರಕನಿಗೆ ಉಪಚಾರದ ತಿಳಿವು, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಇವು ಇರಬೇಕು. ರೋಗಿಗೂ ಗುಣಗಳನ್ನು ವಿಧಿಸಿರುವುದು ಗಮನಿಸತಕ್ಕ ವಿಷಯ. ತನ್ನ ರೋಗವನ್ನು ತಿಳಿಯಹೇಳುವ ಶಕ್ತಿ ಅವುಗಳಲ್ಲೊಂದು. ವೈದ್ಯನೇ ಪ್ರಧಾನನೆಂಬುದನ್ನೂ ಆಚಾರ್ಯರು ಮರೆತಿಲ್ಲ. ಕುಂಬಾರನಿಲ್ಲದಿದ್ದರೆ ಮಣ್ಣು, ಕೋಲು, ಚಕ್ರಗಳಿಂದ ಗಡಿಗೆಯಾಗದೆಂಬುದು ಅವರ ದೃಷ್ಟಾಂತ. ಅದಕ್ಕೆ ನಾನು ಸೇರಿಸುವುದಿಷ್ಟೆ: ಚಕ್ರ ತಿರುಗದಿದ್ದರೆ ಕುಂಬಾರನೂ ಮಣ್ಣನ್ನು ನೋಡುತ್ತ ಕುಳಿತಿರಬೇಕು.

ಈ ಕಾಲದ ತಜ್ಞರ ಅಭಿಪ್ರಾಯವೂ ಬೇರೆಯಲ್ಲ. 1946ರಲ್ಲಿ ವರದಿಯೊಪ್ಪಿಸಿದ ಭೋರ್ ಸಮಿತಿಯು ನಲವತ್ತು ಸಾವಿರ ಜನಕ್ಕೊಂದು ಪ್ರಾಥಮಿಕ ಕೇಂದ್ರವಿರಬೇಕೆಂದು ಸೂಚಿಸಿದಾಗ, ಇಬ್ಬರು ವೈದ್ಯರ ಜೊತೆಗೆ ದಾದಿಯರನ್ನೂ ಸೂಲಗಿತ್ತಿಯರನ್ನೂ ನೈರ್ಮಲ್ಯ ನಿರೀಕ್ಷಕರನ್ನೂ ಔಷಧ ಕೊಡುವವರನ್ನೂ ಎಣಿಸಿತ್ತು. 2017ರಲ್ಲಿ ನಮ್ಮ ದೇಶದಲ್ಲಿ ಆರಂಭವಾದ ರಕ್ತದೊತ್ತಡ ನಿಯಂತ್ರಣದ ಯೋಜನೆಯೂ ಕೂಡಿ ಕೆಲಸಮಾಡುವುದನ್ನು ತನ್ನ ಐದು ಸೂತ್ರಗಳಲ್ಲಿ ಒಂದಾಗಿ ಇರಿಸಿಕೊಂಡಿತು. ಸರಳವಾದ ಲಿಖಿತ ಚಿಕಿತ್ಸಾಕ್ರಮ, ಔಷಧಗಳು ಮುಗಿಯದಂತೆ ಸರಬರಾಜು, ರೋಗಿಯ ಅನುಕೂಲ, ಲೆಕ್ಕದ ದಾಖಲೆ ಇವು ಉಳಿದ ನಾಲ್ಕು.

ನಾನು ಲೆಕ್ಕ ಹೇಳಿಕೊಟ್ಟು ಜೀವಿಸಿದವನಾದುದರಿಂದ ಇಲ್ಲಿಯೂ ಒಂದು ಲೆಕ್ಕವನ್ನು ಮಾಡುವೆನು. ಬೆಳಗ್ಗೆ ಒಂಬತ್ತರಿಂದ ಒಂದರವರೆಗೆ 240 ನಿಮಿಷ. ಬಂದ ರೋಗಿಗಳು 80 ಎಂದಿಟ್ಟುಕೊಂಡರೆ ತಲೆಗೆ 3 ನಿಮಿಷ. ಅದರಲ್ಲಿ ಹಳೆಯ ಚೀಟಿ ಹುಡುಕುವುದಕ್ಕೂ ಒತ್ತಡ ಅಳೆಯುವುದಕ್ಕೂ 1 ನಿಮಿಷ ಹೋದರೆ ಮಾತು ಕೇಳಲು ಉಳಿದುದು 2. ಈ ಕೆಲಸಗಳು ಹೊರಗೇ ಮುಗಿದರೆ 3 ನಿಮಿಷವೂ ರೋಗಿಗೆ ಸಲ್ಲುತ್ತದೆ. ಇನ್ನು ಆ ಎಂಬತ್ತರಲ್ಲಿ ಇಪ್ಪತ್ತು ಮಂದಿ ರೋಗವು ಹತೋಟಿಯಲ್ಲಿದ್ದು, ತಿಂಗಳ ಮಾತ್ರೆಗಾಗಿ ಮಾತ್ರ ಬಂದವರಾಗಿದ್ದರೆ, ವೈದ್ಯರ ಲಿಖಿತ ಕ್ರಮದಂತೆ ದಾದಿಯವರೇ ಅವರನ್ನು ನೋಡಿ ಕಳುಹಿಸಬಹುದು. ಆಗ ಉಳಿದ ಅರುವತ್ತು ಮಂದಿಗೆ ತಲಾ 4 ನಿಮಿಷ. ಹೊಸ ವೈದ್ಯರೊಬ್ಬರನ್ನೂ ತರದೆ ಎರಡು ನಾಲ್ಕಾಯಿತು. 2017ರಲ್ಲಿ ಪ್ರಕಟವಾದ 67 ದೇಶಗಳ ಪರಿಶೀಲನೆಯೊಂದರಲ್ಲಿ ವೈದ್ಯರು ರೋಗಿಗೆ ಕೊಡುವ ಸರಾಸರಿ ಕಾಲ ಬಾಂಗ್ಲಾದೇಶದಲ್ಲಿ 48 ಸೆಕೆಂಡು, ಸ್ವೀಡನ್ನಿನಲ್ಲಿ 22½ ನಿಮಿಷ ಎಂದಿದೆ. ಎರಡು ನಿಮಿಷದ ಬೆಲೆ ಎಷ್ಟೆಂಬುದನ್ನು ವಾಚಕರೇ ಊಹಿಸಲಿ.

ಆದರೆ ಕೆಲಸವನ್ನು ಹಂಚಿಕೊಂಡ ಮಾತ್ರಕ್ಕೆ ಸಾಲದು; ಹಂಚಿದುದನ್ನು ಮತ್ತೆ ಕೂಡಿಸಬೇಕು. ಇದಕ್ಕೆ ಹಣ ಬೇಡ. ಬಾಗಿಲು ತೆರೆಯುವ ಮುನ್ನ ಎಲ್ಲರೂ ಐದು ನಿಮಿಷ ನಿಂತು, ಈ ದಿನ ಯಾವ ಔಷಧವಿಲ್ಲ, ಯಾರು ರಜೆ, ನಿನ್ನೆ ಬರಬೇಕಾಗಿದ್ದವರು ಯಾರು ಬರಲಿಲ್ಲ ಎಂಬುದನ್ನು ಮಾತನಾಡಿಕೊಳ್ಳಬೇಕು. ರೋಗಿಯ ವಿಷಯವೆಲ್ಲ ಒಂದೇ ಹಾಳೆಯಲ್ಲಿದ್ದು, ಅದು ರೋಗಿಯೊಡನೆಯೇ ಮೇಜಿನಿಂದ ಮೇಜಿಗೆ ನಡೆಯಬೇಕು. ಎಲ್ಲಕ್ಕಿಂತ ಮುಖ್ಯವಾದುದು ಮತ್ತೊಂದುಂಟು: ಔಷಧ ಕೊಡುವವರಿಗಾಗಲಿ ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಗಾಗಲಿ ಸಂದೇಹ ತೋರಿದರೆ, ನೆಟ್ಟಗೆ ಒಳಗೆ ಹೋಗಿ ಕೇಳುವ ಧೈರ್ಯವಿರಬೇಕು, ಕೇಳಿಸಿಕೊಳ್ಳುವ ಸೌಜನ್ಯ ವೈದ್ಯರಲ್ಲಿರಬೇಕು. ಶಾಲೆಯಲ್ಲಿ ಜವಾನನು ಹೇಳಿದ ಒಂದು ಮಾತಿನಿಂದ ಜ್ವರದಲ್ಲಿ ನಡುಗುತ್ತಿದ್ದ ಹುಡುಗನನ್ನು ನಾನು ಗುರುತಿಸಿದ್ದುಂಟು. ಅವನು ಹಿಂಜರಿದಿದ್ದರೆ ನಾನು ಪಾಠವನ್ನೇ ಮುಂದುವರಿಸುತ್ತಿದ್ದೆನು.

ಖಾಲಿ ಬಿದ್ದಿರುವ ಹುದ್ದೆಗಳನ್ನು ಐಕಮತ್ಯದಿಂದ ತುಂಬಲಾಗದೆಂಬುದನ್ನೂ ಇಲ್ಲಿ ಹೇಳದಿರಲಾರೆನು. ಒಬ್ಬ ದಾದಿಯ ಮೇಲೆ ಮೂವರ ಕೆಲಸ ಹೊರಿಸಿ ಅದಕ್ಕೆ ಸಹಕಾರವೆಂದು ಹೆಸರಿಡುವುದು ಅನ್ಯಾಯ. ಕೆಲಸ ಚುರುಕಾದುದರಿಂದ ಉಳಿದ ನಿಮಿಷವನ್ನು ಮತ್ತೊಬ್ಬ ರೋಗಿಯನ್ನು ತಳ್ಳುವುದಕ್ಕೆ ಬಳಸುವುದೂ ಹಾಗೆಯೇ. ಅದು ರೋಗಿಯ ಮಾತು ಕೇಳುವುದಕ್ಕೆ ಸಲ್ಲತಕ್ಕದ್ದು.

ಕಡೆಯದಾಗಿ ನಮ್ಮ ಪಾಲು. ಆಸ್ಪತ್ರೆಗೆ ಹೊರಡುವಾಗ ಹಳೆಯ ಚೀಟಿಗಳನ್ನೂ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ಒಂದು ಚೀಲದಲ್ಲಿಟ್ಟುಕೊಳ್ಳಿರಿ. ಏನು ತೊಂದರೆ, ಎಂದಿನಿಂದ, ಯಾವಾಗ ಹೆಚ್ಚು ಎಂಬ ಮೂರು ಮಾತನ್ನು ಮನೆಯಲ್ಲಿಯೇ ಬರೆದುಕೊಳ್ಳಿರಿ. ಹೊರಡುವ ಮೊದಲು ಯಾವ ಮಾತ್ರೆ, ಎಷ್ಟು, ಯಾವಾಗ ಎಂಬುದನ್ನು ನೀವೇ ತಿರುಗಿ ಹೇಳಿ ಒಪ್ಪಿಸಿರಿ. ಪಾಠವನ್ನು ಒಪ್ಪಿಸುವುದಕ್ಕೆ ನಾಚಿಕೆಯೇಕೆ? ಹೊರಗೆ ಹೇಳಿದುದನ್ನು ಒಳಗೆ ಇನ್ನೊಮ್ಮೆ ಹೇಳಿದರೆ ನಷ್ಟವಿಲ್ಲ.

ಅಕ್ಕನ ಮಣಿಕಟ್ಟು ಕೂಡಿಕೊಂಡಿದೆ. ಚಪಾತಿ ಲಟ್ಟಿಸುವಾಗ ಮಾತ್ರ ಈಗಲೂ ನೋಯುವುದಂತೆ. ಮುಂದಿನ ಸಲ ಹೋದಾಗ ವೈದ್ಯರಿಗೆ ನಾನೇ ಮೊದಲು ತಿಳಿಸಿದೆನು. ಅವರು ಲೇಖನಿಯನ್ನು ಕೆಳಗಿಟ್ಟು ಪೂರ್ತಿಯಾಗಿ ಕೇಳಿದರು, ದಾದಿಯವರನ್ನು ಒಳಗೆ ಕರೆದರು, ಒಂದು ಮಾತ್ರೆಯನ್ನು ತೆಗೆದುಹಾಕಿದರು. ಇಷ್ಟಕ್ಕೆ ಹಿಡಿದ ಕಾಲ ನಾಲ್ಕು ನಿಮಿಷ.