ಪೀಣ್ಯದ ಮೆಟ್ರೋ ಮತ್ತು ನಮ್ಮ ಮೂಡ್ಲಕಟ್ಟೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ಭಾಗದಲ್ಲಿ ಗೇರುಬೀಜ ಕಾರ್ಖಾನೆ, ಅಕ್ಕಿ ಗಿರಣಿ, ಐಸ್ ಪ್ಲಾಂಟ್ ಮೊದಲಾದವುಗಳನ್ನು ನಡೆಸುತ್ತಿರುವ ನಮ್ಮಲ್ಲಿ ಹಲವರಿಗೆ ವರ್ಷಕ್ಕೊಮ್ಮೆಯಾದರೂ ಬೆಂಗಳೂರಿನ ಪೀಣ್ಯಕ್ಕೆ ಹೋಗುವ ಪ್ರಸಂಗ ಬರುತ್ತದೆ. ಗೇರ್ ಮುರಿದಾಗ, ಡೈ ಸವೆದಾಗ, ಕಂಪನಿಯೇ ಮರೆತುಬಿಟ್ಟ ಹಳೆಯ ಯಂತ್ರಕ್ಕೆ ಬಿಡಿಭಾಗ ಮಾಡಿಸಬೇಕಾದಾಗ ಅಲ್ಲಿನ ವರ್ಕ್‌ಶಾಪುಗಳೇ ಗತಿ. ಆದುದರಿಂದ ಪೀಣ್ಯದ ಮೆಟ್ರೋ ನಿಲ್ದಾಣದ ವಿಚಾರ ನಮಗೆ ಹೊರಗಿನದೇನಲ್ಲ.

2014ರ ಮಾರ್ಚ್ 1ರಂದು ಮೆಟ್ರೋ ಪೀಣ್ಯ ಇಂಡಸ್ಟ್ರಿಯವರೆಗೆ ಬಂದಿತು. 2015ರಲ್ಲಿ ನಾಗಸಂದ್ರಕ್ಕೂ 2024ರ ನವೆಂಬರ್‌ನಲ್ಲಿ ಮಾದಾವರಕ್ಕೂ ವಿಸ್ತರಿಸಿತು. ಯಂತ್ರೋಪಕರಣಗಳ ವಸ್ತುಪ್ರದರ್ಶನ ನಡೆಯುವ ಕೇಂದ್ರ ಮಾದಾವರದಲ್ಲಿಯೇ ಇರುವುದರಿಂದ ಸಣ್ಣ ಉದ್ಯಮಿಗಳಿಗೆ ಈ ಕೊನೆಯ ವಿಸ್ತರಣೆ ವಿಶೇಷ ಅನುಕೂಲವಾಗಿದೆ. ನಮ್ಮ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಹೋಗಿ ಯಶವಂತಪುರದಲ್ಲಿ ಇಳಿದವರಿಗೆ ಗೊರಗುಂಟೆಪಾಳ್ಯ ದಾಟಿದರೆ ಪೀಣ್ಯ, ಅದರ ಮುಂದಿನದು ಪೀಣ್ಯ ಇಂಡಸ್ಟ್ರಿ.

ಇವೆರಡೂ ಬೇರೆ ಬೇರೆ ನಿಲ್ದಾಣಗಳೆಂಬುದನ್ನು ಹೊಸಬರು ಗಮನಿಸಬೇಕು. ಮೊದಲ ಸಲ ಹೋದಾಗ ‘ಪೀಣ್ಯ’ ಎಂಬ ಫಲಕ ಕಂಡೊಡನೆ ಗಡಿಬಿಡಿಯಿಂದ ಇಳಿದವನು ನಾನು! ವಿಳಾಸ ತೋರಿಸಿದಾಗ ಮುಂದಿನ ನಿಲ್ದಾಣದಲ್ಲಿ ಇಳಿಯಬೇಕಿತ್ತೆಂದು ಗೊತ್ತಾಯಿತು. ಅಲ್ಲಿಂದ ಆಟೋದವನಿಗೆ ತೆತ್ತ ಹಣ ಮೆಟ್ರೋ ಟಿಕೇಟಿನ ಹಲವು ಪಟ್ಟು. ಸರಿಯಾದ ಕಡೆ ಇಳಿದಿದ್ದರೂ ನಡಿಗೆ ತಪ್ಪುತ್ತಿರಲಿಲ್ಲ. ನಿಲ್ದಾಣಗಳಿರುವುದು ತುಮಕೂರು ರಸ್ತೆಯ ಮೇಲೆ; ಕೈಗಾರಿಕಾ ಪ್ರದೇಶವೋ ಹಂತ ಹಂತವಾಗಿ ಒಳಗೊಳಗೆ ಹರಡಿಕೊಂಡಿದೆ. ದಿನನಿತ್ಯ ಹೋಗಿಬರುವ ಕಾರ್ಮಿಕನ ಲೆಕ್ಕಾಚಾರ ನಿಲ್ಲುವುದು ಈ ಕೊನೆಯ ಒಂದೆರಡು ಕಿಲೋಮೀಟರಿನ ಮೇಲೆಯೇ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿದ ಮೇಲೆ ದೂರದಿಂದ ಬರುವವನಿಗೆ ಆಟೋ ಬಾಡಿಗೆಯೂ ಸೇರಿದರೆ ಸ್ವಂತ ಬೈಕೇ ಅಗ್ಗವೆನಿಸುವುದು ಸಹಜ.

ಸರಕು ಸಾಗಿಸದ ರೈಲಿನಿಂದ ಉದ್ಯಮಕ್ಕೇನು ಪ್ರಯೋಜನವೆಂದು ನಮ್ಮ ಹಿರಿಯ ಸದಸ್ಯರೊಬ್ಬರು ವಾದಿಸುತ್ತಾರೆ. ಅವರ ಬಗ್ಗೆ ಗೌರವವಿಟ್ಟುಕೊಂಡೇ ನಾನು ಇದನ್ನು ಒಪ್ಪಲಾರೆ. 2021ರ ಡಿಸೆಂಬರ್‌ನಲ್ಲಿ ಪೀಣ್ಯ ಮೇಲ್ಸೇತುವೆಯನ್ನು ದುರಸ್ತಿಗಾಗಿ ಮುಚ್ಚಲಾಯಿತು. ಭಾರಿ ವಾಹನಗಳಿಗೆ ಮತ್ತೆ ಅವಕಾಶ ದೊರೆತದ್ದು 2024ರ ಜುಲೈಯಲ್ಲಿ. ಆ ದಿನಗಳಲ್ಲಿ ಕೆಳಗಿನ ರಸ್ತೆಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿದ್ದರೂ ಮೇಲಿನ ರೈಲು ವೇಳೆಗೆ ಸರಿಯಾಗಿ ಓಡುತ್ತಿತ್ತು. ಲೇತ್ ನಡೆಸುವವನು ಎಂಟು ಗಂಟೆಗೆ ಬಂದರೆ ತಾನೇ ನಮ್ಮ ಗೇರ್ ಸಂಜೆಗೆ ಸಿದ್ಧವಾಗುವುದು? ಗೇರನ್ನು ಪಾರ್ಸೆಲಿನಲ್ಲಿ ತರಿಸಿಕೊಳ್ಳಬಹುದು, ಕೆಲಸಗಾರನನ್ನು ಹಾಗೆ ಕಳುಹಿಸಲು ಬರುವುದಿಲ್ಲ.

ಪೀಣ್ಯದ ಕೊರತೆಯನ್ನು ಹೇಳುವ ನಾವು ನಮ್ಮ ಮನೆಯಂಗಳವನ್ನೂ ನೋಡಿಕೊಳ್ಳಬೇಕಾಗಿದೆ. ಕುಂದಾಪುರ ರೈಲು ನಿಲ್ದಾಣವಿರುವುದು ಪೇಟೆಯಲ್ಲಲ್ಲ, ಮೂಡ್ಲಕಟ್ಟೆಯಲ್ಲಿ. ಬ್ರಹ್ಮಾವರದವರು ಬಾರ್ಕೂರು ನಿಲ್ದಾಣಕ್ಕೆ ಹೋಗಬೇಕು. ಹೊತ್ತಲ್ಲದ ಹೊತ್ತಿನಲ್ಲಿ ರೈಲಿನಿಂದ ಇಳಿದವನಿಗೆ ರಿಕ್ಷಾ ಇಲ್ಲವೇ ಮನೆಯಿಂದ ಬಂದ ವಾಹನವೇ ಆಧಾರವೆಂಬುದು ನಮ್ಮೆಲ್ಲರ ಅನುಭವ. ಬಿಡಿಭಾಗದ ಚೀಲ ಹೊತ್ತು ಮಳೆಯಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇದಕ್ಕೆ ಸರಕಾರದ ಮುಂದೆ ಮನವಿ ಹಿಡಿದು ಕಾಯಬೇಕಾಗಿಯೂ ಇಲ್ಲ. ಕರಾವಳಿಯಲ್ಲಿ ಸಾರಿಗೆಯ ಬಹುಪಾಲು ಖಾಸಗಿ ಬಸ್ಸುಗಳದ್ದು. ಬಸ್ ಮಾಲೀಕರಲ್ಲಿ ಹಲವರು ನಮ್ಮ ಪರಿಚಿತರೇ. ಪಂಚಗಂಗಾದ ಹೋಗಿಬರುವ ವೇಳೆಗೆ ಹೊಂದುವಂತೆ ಮೂಡ್ಲಕಟ್ಟೆಗೆ ಒಂದು, ಬಾರ್ಕೂರಿಗೆ ಒಂದು ಬಸ್ಸನ್ನು ಪ್ರಾಯೋಗಿಕವಾಗಿ ಮೂರು ತಿಂಗಳು ಓಡಿಸಬಹುದು. ಅದಕ್ಕೆ ಪರವಾನಗಿ ಪಡೆಯಲು ನೆರವಾಗುವುದೂ ನಷ್ಟವಾದಲ್ಲಿ ಒಂದಂಶವನ್ನು ಭರಿಸುವುದೂ ಸಂಸ್ಥೆಗೆ ಅಸಾಧ್ಯವೇನಲ್ಲ. ಮುಂದಿನ ಮಾಸಿಕ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಬೇಕೆಂದು ಪದಾಧಿಕಾರಿಗಳನ್ನು ಕೋರುತ್ತೇನೆ.