ಲೋಹಿಯಾರನ್ನು ಅರ್ಧಕ್ಕೇ ಓದಿ ಮುಚ್ಚಿಟ್ಟವರು

ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಾಗಿನಿಂದ ಕರ್ನಾಟಕದಲ್ಲಿ ಹಳೆಯ ಜಗಳ ಮತ್ತೆ ಕಾವೇರಿದೆ. ಎರಡು ಭಾಷೆ ಸಾಕು, ಕನಿಷ್ಠ ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲೇ ಪಾಠ ನಡೆಯಲಿ ಎಂಬುದು ಆಯೋಗದ ಶಿಫಾರಸು. ಇಂಥ ಚರ್ಚೆ ಎದ್ದಾಗಲೆಲ್ಲ ಹಿಂದಿ ಬೇಕೆನ್ನುವವರು ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಹೆಸರು ಹೇಳುತ್ತಾರೆ. ಹಿಂದಿ ಬೇಡವೆನ್ನುವವರು ಅದೇ ಕಾರಣಕ್ಕೆ ಅವರನ್ನು ದೂರವಿಡುತ್ತಾರೆ. ಇಬ್ಬರೂ ಓದಿರುವುದು ಅರ್ಧ ಲೋಹಿಯಾರನ್ನು. ಓದದೆ ಬಿಟ್ಟ ಅರ್ಧವೇ ಇವತ್ತು ನಮಗೆ ಬೇಕಾಗಿರುವುದು.

1963ರ ಉಪಚುನಾವಣೆಯಲ್ಲಿ ಫರೂಕಾಬಾದ್‌ನಿಂದ ಗೆದ್ದು ಲೋಕಸಭೆಗೆ ಬಂದ ಲೋಹಿಯಾ, 1967ರ ಅಕ್ಟೋಬರ್‌ನಲ್ಲಿ ತೀರಿಕೊಳ್ಳುವವರೆಗೂ ವಿರೋಧ ಪಕ್ಷದ ಬೆಂಚಿನಲ್ಲೇ ಕುಳಿತವರು. ಅವರ ‘ಅಂಗ್ರೇಜಿ ಹಠಾವೋ’ ಚಳವಳಿಯನ್ನು ಪರಭಾಷೆಯ ಮೇಲಿನ ದ್ವೇಷವೆಂದು ತಳ್ಳಿಹಾಕುವುದು ಸುಲಭ. ಆದರೆ ಬರ್ಲಿನ್‌ನಲ್ಲಿ ಡಾಕ್ಟರೇಟ್ ಪಡೆದ ಮನುಷ್ಯನಿಗೆ ಪರಭಾಷೆಯ ಭಯವೇನಿತ್ತು? ಮೇಲ್ಜಾತಿ, ಹಣ, ಇಂಗ್ಲಿಷ್ ಓದು, ಈ ಮೂರರಲ್ಲಿ ಯಾವುದಾದರೂ ಎರಡು ಇದ್ದವರು ಈ ದೇಶದ ಆಳುವ ವರ್ಗಕ್ಕೆ ಸೇರುತ್ತಾರೆ ಎಂಬುದು ಅವರ ವಿಶ್ಲೇಷಣೆ. ಉಳಿದ ಕೋಟ್ಯಂತರ ಜನ ಕೋರ್ಟಿನಲ್ಲಿ, ಕಚೇರಿಯಲ್ಲಿ, ಕಾಲೇಜಿನಲ್ಲಿ ತಮ್ಮದೇ ನಾಡಿನ ಹೊರಗಿನವರಾಗಿ ನಿಲ್ಲಬೇಕು. ಇಂಗ್ಲಿಷಿನ ಮೇಲೆ ಅವರು ಮಾಡಿದ ದಾಳಿ ಜಾತಿ ಮತ್ತು ಹಣದ ಮೇಲಿನ ದಾಳಿಯ ಒಂದು ಭಾಗ. ಅದಕ್ಕೇ ಅವರ ಹಾದಿಯ ಸಮಾಜವಾದಿಗಳು ಭಾಷೆಯ ಬೇಡಿಕೆಯ ಜೊತೆಗೇ ಇನ್ನೊಂದನ್ನು ಇಟ್ಟರು: ರಾಷ್ಟ್ರಪತಿಯ ಮಗುವಿಗೂ ಜವಾನನ ಮಗುವಿಗೂ ಒಂದೇ ಬಗೆಯ ಶಿಕ್ಷಣ.

ಕನ್ನಡಿಗರಿಗೆ ಲೋಹಿಯಾ ದೂರದವರೇನಲ್ಲ. 1951ರಲ್ಲಿ ಕಾಗೋಡು ಗೇಣಿದಾರರ ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದರು. ಅವರಿಂದ ಪ್ರೇರಣೆ ಪಡೆದ ಶಾಂತವೇರಿ ಗೋಪಾಲಗೌಡರು ವಿಧಾನಸಭೆಯ ವಿರೋಧ ಪಕ್ಷದ ಸಾಲಿನಲ್ಲಿ ಕುಳಿತು ಕನ್ನಡದಲ್ಲೇ ಆಡಳಿತ ನಡೆಯಲಿ ಎಂದು ಪಟ್ಟು ಹಿಡಿದರು. 1967ರಲ್ಲಿ ಶಿವಮೊಗ್ಗದಿಂದ ಆರಿಸಿಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದರು. ಲೋಹಿಯಾವಾದ ಹಿಂದಿಯ ದಂಡಯಾತ್ರೆಯೇ ಆಗಿದ್ದರೆ ಅದರ ಶಿಷ್ಯರು ದೆಹಲಿಯಲ್ಲಿ ಕನ್ನಡವನ್ನು ಮೊಳಗಿಸುತ್ತಿರಲಿಲ್ಲ.

ಹಾಗೆಂದು ಅವರ ತಪ್ಪನ್ನು ಮುಚ್ಚಿಡಬೇಕಿಲ್ಲ. ರಾಜ್ಯಗಳಲ್ಲಿ ಆಯಾ ಭಾಷೆ ಎಂದ ಲೋಹಿಯಾ, ಕೇಂದ್ರದಲ್ಲಿ ಹಿಂದಿಯೇ ಇಂಗ್ಲಿಷಿನ ಜಾಗ ತುಂಬಬೇಕೆಂದು ನಂಬಿದ್ದರು. ಹಿಂದಿ ನಾಡಿನ ಹುಡುಗನಿಗೆ ತಾಯಿಯಿಂದ ಬಂದ ಭಾಷೆ, ಕೊಡಗಿನ ಅಥವಾ ಮಧುರೈನ ಹುಡುಗನಿಗೆ ಪರೀಕ್ಷೆಯ ಹೊರೆಯಾಗುತ್ತದೆ. ಇಂಗ್ಲಿಷಿಗೆ ಅವರು ಹಾಕಿದ ಪ್ರಶ್ನೆಯನ್ನೇ ಹಿಂದಿಗೂ ಹಾಕಬೇಕಿತ್ತು, ಹಾಕಲಿಲ್ಲ. 1965ರಲ್ಲಿ ತಮಿಳುನಾಡು ಹೊತ್ತಿ ಉರಿದದ್ದು ಆ ಪ್ರಶ್ನೆಯನ್ನು ದೆಹಲಿ ಕೇಳಿಸಿಕೊಳ್ಳದ ಕಾರಣಕ್ಕೆ. 1968ರ ರಾಷ್ಟ್ರೀಯ ನೀತಿಯಲ್ಲಿ ತ್ರಿಭಾಷಾ ಸೂತ್ರ ಬಂತು. ಕರ್ನಾಟಕದ ಮಕ್ಕಳು ಹಿಂದಿ ಕಲಿತರು. ಹಿಂದಿ ರಾಜ್ಯಗಳು ದಕ್ಷಿಣದ ಒಂದು ಭಾಷೆಯನ್ನೂ ಮನಸ್ಸಿಟ್ಟು ಕಲಿಸಲಿಲ್ಲ. ಇಂಥ ಒಮ್ಮುಖ ಸೂತ್ರಕ್ಕೆ ಲೋಹಿಯಾ ಹೆಸರನ್ನು ಅಂಟಿಸುವುದು ಅನ್ಯಾಯ.

ಅರ್ಧ ಓದಿನ ಫಲ ಏನೆಂದು ನೋಡಬೇಕಾದರೆ ಬಿಹಾರವನ್ನು ನೋಡಿ. 1967ರಲ್ಲಿ ಉಪಮುಖ್ಯಮಂತ್ರಿಯೂ ಶಿಕ್ಷಣ ಸಚಿವರೂ ಆಗಿದ್ದ ಕರ್ಪೂರಿ ಠಾಕೂರ್, ಮೆಟ್ರಿಕ್‌ನಲ್ಲಿ ಇಂಗ್ಲಿಷ್ ಪಾಸಾಗಲೇಬೇಕೆಂಬ ನಿಯಮವನ್ನು ತೆಗೆದುಹಾಕಿದರು. ಇಂಗ್ಲಿಷ್ ಒಂದೇ ಕಾರಣಕ್ಕೆ ನಪಾಸಾಗಿ ಮನೆಯಲ್ಲಿ ಕೂರುತ್ತಿದ್ದ ಹಳ್ಳಿ ಮಕ್ಕಳಿಗೆ ಕಾಲೇಜಿನ ದಾರಿ ತೆರೆಯಿತು. ಅದು ದಿಟ್ಟ ಹೆಜ್ಜೆ. ಆದರೆ ಉಳ್ಳವರ ಕಾನ್ವೆಂಟುಗಳು ಹಾಗೇ ಉಳಿದವು, ದೆಹಲಿಯ ಒಳ್ಳೆಯ ಕೆಲಸಗಳು ಇಂಗ್ಲಿಷ್ ಬಲ್ಲವರಿಗೇ ಹೋದವು. ಭಾಷೆಯ ನೀತಿ ಬದಲಾಯಿತು, ಶಾಲೆಗಳ ನಡುವಿನ ಗೋಡೆ ಬೀಳಲಿಲ್ಲ.

ಕರ್ನಾಟಕದಲ್ಲೂ ಆದದ್ದು ಅದೇ. ಗೋಕಾಕ್ ಚಳವಳಿಯ ಕಾವು, 1994ರ ಭಾಷಾ ನೀತಿ, ಅದರ ಮೇಲಿನ ವರ್ಷಗಟ್ಟಲೆ ವ್ಯಾಜ್ಯ, ಕೊನೆಗೆ 2014ರ ಮೇ 6ರ ಸುಪ್ರೀಂ ಕೋರ್ಟ್ ತೀರ್ಪು. ಖಾಸಗಿ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ಸಂವಿಧಾನ ಪೀಠ ಹೇಳಿತು. ಇದರ ನೇರ ಅರ್ಥ ಇಷ್ಟು: ಇನ್ನು ಮುಂದೆ ಯಾವುದೇ ಭಾಷಾ ಮಾಧ್ಯಮ ನೀತಿ ತಂದರೂ ಅದು ಅನ್ವಯಿಸುವುದು ಸರ್ಕಾರಿ ಶಾಲೆಯ ಮಗುವಿಗೆ, ಅಂದರೆ ಬಡವನ ಮಗುವಿಗೆ ಮಾತ್ರ. ಕನ್ನಡ ಉಳಿಸುವ ಪೂರ್ತಿ ಭಾರವನ್ನು ಕೂಲಿಯವರ, ಪೌರಕಾರ್ಮಿಕರ, ಸಣ್ಣ ರೈತರ ಮಕ್ಕಳ ಹೆಗಲಿಗೆ ಹಾಕಿ, ನೀತಿ ಬರೆದವರ ಮಕ್ಕಳು ಪಾರಾಗುತ್ತಾರೆ.

ಆದ್ದರಿಂದಲೇ 2019ರಲ್ಲಿ ಸರ್ಕಾರ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಲು ಹೊರಟಾಗ ಅದನ್ನು ಸ್ವಾಗತಿಸಿದ ತಂದೆತಾಯಿಯರನ್ನು ಕನ್ನಡದ್ರೋಹಿಗಳೆಂದು ಬಯ್ಯಲು ನನಗೆ ಮನಸ್ಸಿಲ್ಲ. ವೇದಿಕೆಯಲ್ಲಿ ಕನ್ನಡ, ಮಗಳಿಗೆ ಇಂಗ್ಲಿಷ್ ಮೀಡಿಯಂ ಎನ್ನುವವರಿಗೆ ಬೈಯುವ ಹಕ್ಕೂ ಇಲ್ಲ. ಆದರೆ ಇಂಗ್ಲಿಷ್ ಮಾಧ್ಯಮವೇ ಪರಿಹಾರ ಎನ್ನುವುದೂ ಸುಳ್ಳು ಭರವಸೆ. ಮನೆಯಲ್ಲಿ ಕೇಳದ, ಮೇಷ್ಟ್ರಿಗೇ ಸಲೀಸಾಗಿ ಬಾರದ ಭಾಷೆಯಲ್ಲಿ ಗಣಿತ, ವಿಜ್ಞಾನ ಕಲಿಸಿದರೆ ಮಗುವಿಗೆ ಇಂಗ್ಲಿಷೂ ಬರುವುದಿಲ್ಲ, ಗಣಿತವೂ ದಕ್ಕುವುದಿಲ್ಲ.

ಇಡೀ ಲೋಹಿಯಾರನ್ನು ಓದಿದರೆ ದಾರಿ ಕಾಣುತ್ತದೆ. ಅವರು ಲೋಕಸಭೆಯಲ್ಲಿದ್ದ ವರ್ಷಗಳಲ್ಲೇ ಕೆಲಸ ಮಾಡಿದ ಕೊಠಾರಿ ಆಯೋಗವೂ ಸಮಾನ ಶಾಲಾ ವ್ಯವಸ್ಥೆಯನ್ನು ಶಿಫಾರಸು ಮಾಡಿತ್ತು. ಯು.ಆರ್. ಅನಂತಮೂರ್ತಿ ಕೊನೆಯವರೆಗೂ ಅದನ್ನೇ ಹೇಳಿದರು. 2015ರಲ್ಲಿ ಅಲಹಾಬಾದ್ ಹೈಕೋರ್ಟ್, ಸರ್ಕಾರದಿಂದ ಸಂಬಳ ಪಡೆಯುವವರು ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸಬೇಕೆಂದು ಹೇಳಿತು. ಉತ್ತರ ಪ್ರದೇಶದ ಸರ್ಕಾರ ಅದನ್ನು ಜಾರಿಗೆ ತರಲಿಲ್ಲ. ಕರ್ನಾಟಕ ಏಕೆ ತರಬಾರದು? ಶಾಸಕರ, ಅಧಿಕಾರಿಗಳ ಮಕ್ಕಳು ಸರ್ಕಾರಿ ಶಾಲೆಯ ಬೆಂಚಿನಲ್ಲಿ ಕುಳಿತರೆ ಶೌಚಾಲಯ, ಮೇಷ್ಟ್ರು, ಗ್ರಂಥಾಲಯ ಎಲ್ಲವೂ ತಾವಾಗಿಯೇ ಬರುತ್ತವೆ. ಆ ಶಾಲೆಯಲ್ಲಿ ಪಾಠ ಕನ್ನಡದಲ್ಲಿ ನಡೆಯಲಿ. ಒಂದನೇ ತರಗತಿಯಿಂದಲೇ ತರಬೇತಿ ಪಡೆದ ಶಿಕ್ಷಕರು ಇಂಗ್ಲಿಷನ್ನು ಒಂದು ವಿಷಯವಾಗಿ ಚೆನ್ನಾಗಿ ಕಲಿಸಲಿ. ಮೂರನೆಯ ಭಾಷೆ ಬೇಕಾದವರು ಆರಿಸಿಕೊಳ್ಳಲಿ.

ಜೊತೆಗೆ ಕನ್ನಡ ಓದಿದವರಿಗೆ ಕೆಲಸ ಸಿಗಬೇಕು. ಕೇಂದ್ರ ಸಶಸ್ತ್ರ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ 2024ರಿಂದ ಕನ್ನಡದಲ್ಲೂ ನಡೆಯುತ್ತಿದೆ; ಕೇಳಿದರೆ ಆಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಭಾಷಾ ಪತ್ರಿಕೆಗಳನ್ನು ಬಿಟ್ಟರೆ ಐಎಎಸ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂದಿಗೂ ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ. ಕಾನ್‌ಸ್ಟೆಬಲ್ ಆಗಲು ಕನ್ನಡ ಸಾಕು, ಅಧಿಕಾರಿಯಾಗಲು ಸಾಲದು ಎಂಬ ಈ ಏರ್ಪಾಡನ್ನು ನಮ್ಮ ಸಂಸದರು ಪಕ್ಷಭೇದ ಬಿಟ್ಟು ಪ್ರಶ್ನಿಸಬೇಕು.

ಥೋರಟ್ ವರದಿಯನ್ನು ಜಾರಿಗೆ ತರುವ ಸರ್ಕಾರ ಭಾಷೆಯ ಶಿಫಾರಸನ್ನಷ್ಟೇ ಕಿತ್ತುಕೊಂಡು ಸಮಾನ ಶಾಲೆಯ ಮಾತನ್ನು ಬಿಟ್ಟರೆ ಅದು ಬಡವರ ಮೇಲೆ ಹೇರಿದ ಇನ್ನೊಂದು ಕಟ್ಟಳೆಯಾಗುತ್ತದೆ. ಎರಡನ್ನೂ ಒಟ್ಟಿಗೆ ತರುವ ಧೈರ್ಯವಿದ್ದರೆ ಮಾತ್ರ ಅದನ್ನು ಕನ್ನಡದ ನೀತಿ ಎಂದು ಕರೆಯಲಿ.