ಸಂಖ್ಯಾಬಲವೂ ವಿವೇಕವೂ

ಇಂದಿರಾ ಗಾಂಧಿಯವರ ಹತ್ಯೆಯ ದುಃಖವು ದೇಶವನ್ನಿನ್ನೂ ಆವರಿಸಿದ್ದಾಗ, 1984ರ ಡಿಸೆಂಬರಿನಲ್ಲಿ ನಡೆದ ಚುನಾವಣೆಯಲ್ಲಿ, 514 ಲೋಕಸಭಾ ಸ್ಥಾನಗಳ ಪೈಕಿ 404ನ್ನು ಗೆದ್ದು ಅಧಿಕಾರಾರೂಢವಾದ ರಾಜೀವ್ ಗಾಂಧಿಯವರ ಸರಕಾರಕ್ಕೆ, ನೆಹರೂ ಅವರಿಗೂ ಲಭಿಸದಿದ್ದ ಸಂಖ್ಯಾಬಲ ಒದಗಿತ್ತು. ಐದು ವರ್ಷಗಳ ತರುವಾಯ ಅವರ ಕಾಂಗ್ರೆಸ್ ಪಕ್ಷವು 197 ಸ್ಥಾನಗಳಿಗೆ ಇಳಿಯಿತು. ಈ ಪತನಕ್ಕೆ ಬೊಫೋರ್ಸ್ ಫಿರಂಗಿ ಖರೀದಿಯ ಹಗರಣವನ್ನೇ ಹೊಣೆಮಾಡುವುದು ರೂಢಿಯಾದರೂ, ಕೈಗೆ ಬಂದ ಬಹುಮತವನ್ನು ಆ ಸರಕಾರವು ಬಳಸಿದ ಬಗೆಯೂ ವಿಚಾರಾರ್ಹವಾದುದು.

ಮಹಾಬಹುಮತವು ಒದಗಿಸುವ ಸದವಕಾಶವನ್ನು ಅಲ್ಲಗಳೆಯಲಾಗದು. ಬಹುಕಾಲ ನನೆಗುದಿಗೆ ಬಿದ್ದಿದ್ದ ಪಕ್ಷಾಂತರ ನಿಷೇಧದ ಶಾಸನವು 1985ರ ಆರಂಭದಲ್ಲಿಯೇ ಬಂದಿತು. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದುದೂ ಆ ಸರಕಾರದ ಅವಧಿಯಲ್ಲಿಯೇ. ಆದರೆ ಹಣಕ್ಕೂ ಪದವಿಗೂ ಮಾರುಹೋಗುವವನನ್ನು ತಡೆಯಹೊರಟ ಆ ಶಾಸನವು, ಅಂತಃಸಾಕ್ಷಿಗೆ ಓಗೊಟ್ಟು ವಿಪ್ ಎಂಬ ಪಕ್ಷಾದೇಶವನ್ನು ಮೀರುವವನನ್ನೂ ಅದೇ ತಕ್ಕಡಿಯಲ್ಲಿ ತೂಗಿತು.

ಇದರ ಫಲ ಬೇಗನೆ ಕಾಣಿಸಿಕೊಂಡಿತು. ವಿಚ್ಛೇದಿತ ಮುಸ್ಲಿಂ ಮಹಿಳೆಗೆ ಜೀವನಾಂಶದ ಹಕ್ಕಿದೆಯೆಂದು ಶಾಬಾನು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇತ್ತ ತೀರ್ಪನ್ನು ಸರಕಾರದ ಪರವಾಗಿಯೇ ಲೋಕಸಭೆಯಲ್ಲಿ ಸಮರ್ಥಿಸಿದ್ದ ಮಂತ್ರಿ ಆರಿಫ್ ಮೊಹಮ್ಮದ್ ಖಾನರು, ಕೆಲವೇ ತಿಂಗಳುಗಳಲ್ಲಿ ಅದೇ ಸರಕಾರವು ಆ ತೀರ್ಪನ್ನು ನಿಷ್ಫಲಗೊಳಿಸುವ ಮಸೂದೆಗೆ ಮುಂದಾದಾಗ, ರಾಜೀನಾಮೆಯಿತ್ತು ಹೊರನಡೆದರು. ಅವರ ಹಿಂದಿನ ಸಾಲುಗಳಲ್ಲಿದ್ದ ನೂರಾರು ಮಂದಿ ಕೈಯೆತ್ತಿ ಮಸೂದೆಯನ್ನು ದಾಟಿಸಿದರು. 1988ರ ಮಾನನಷ್ಟ ಮಸೂದೆಯಂತೂ ಲೋಕಸಭೆಯಲ್ಲಿ ಅನಾಯಾಸವಾಗಿ ಅಂಗೀಕೃತವಾಗಿ, ಪತ್ರಕರ್ತರು ಬೀದಿಗಿಳಿದ ಮೇಲೆ ಹಿಂದೆಗೆಯಲ್ಪಟ್ಟಿತು. ಆಡಳಿತ ಪಕ್ಷದ ಹಿಂದಿನ ಸಾಲುಗಳಿಂದ ಸಕಾಲದಲ್ಲಿ ಏಳಬೇಕಾಗಿದ್ದ ಆಕ್ಷೇಪಣೆಯು ಬೀದಿಯಿಂದ ಬಂದುದರಿಂದ, ತಿದ್ದುಪಡಿಯಲ್ಲಿ ಮುಗಿಯಬಹುದಾಗಿದ್ದ ಪ್ರಸಂಗವು ಮುಖಭಂಗದಲ್ಲಿ ಮುಗಿಯಿತು.

ಮತದಾರನಾದರೋ ತನ್ನ ವಿವೇಚನೆಯನ್ನು ಯಾರಿಗೂ ಒತ್ತೆಯಿಟ್ಟಿರಲಿಲ್ಲ. ಲೋಕಸಭೆಗೆ ನಮ್ಮ 28 ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟ ಕರ್ನಾಟಕದ ಜನರೇ, ತಮ್ಮ ಪಕ್ಷದ ಆ ಸೋಲಿನ ನೈತಿಕ ಹೊಣೆ ಹೊತ್ತು ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಮರಳಿ ಜನಾದೇಶ ಬೇಡಿದಾಗ, 1985ರ ಮಾರ್ಚಿನಲ್ಲಿ ಜನತಾ ಪಕ್ಷಕ್ಕೆ ವಿಧಾನಸಭೆಯ 139 ಸ್ಥಾನಗಳನ್ನಿತ್ತರು. ಮೂರು ತಿಂಗಳೊಳಗೆ ಮನಸ್ಸು ಬದಲಿಸಬಲ್ಲ ಜನರ ಒಪ್ಪಿಗೆಯನ್ನು ಐದು ವರ್ಷಗಳ ಮೌನಸಮ್ಮತಿಯೆಂದು ಭಾವಿಸುವುದು ರಾಜನೀತಿಯಲ್ಲ.

ವಿರೋಧ ಪಕ್ಷವು ಕ್ಷೀಣವಾಗಿರುವಾಗ ಸರಕಾರವನ್ನು ಎಚ್ಚರಿಸುವ ಹೊಣೆ ಸ್ವಪಕ್ಷದ ಸದಸ್ಯರ ಮೇಲೆಯೇ ಬೀಳುತ್ತದೆ. ವಿಶ್ವಾಸಮತ, ಹಣಕಾಸು ಮಸೂದೆಗಳಂತಹ ಕೆಲವೇ ಸಂದರ್ಭಗಳಲ್ಲಿ ವಿಪ್ ಮೀರಿದವರನ್ನು ಮಾತ್ರ ಅನರ್ಹಗೊಳಿಸಬೇಕೆಂದು ಚುನಾವಣಾ ಸುಧಾರಣೆಗಳ ಕುರಿತ ದಿನೇಶ್ ಗೋಸ್ವಾಮಿ ಸಮಿತಿಯು 1990ರಲ್ಲಿಯೇ ಶಿಫಾರಸು ಮಾಡಿತ್ತು. ಸೋಲಿನ ಭಯವಿಲ್ಲದ ಸರಕಾರವೇ ಇದನ್ನು ಜಾರಿಗೆ ತರಲು ಅತ್ಯಂತ ಸಮರ್ಥವಾದುದು. ಹತ್ತಾರು ಸ್ವಪಕ್ಷೀಯರು ಎದುರು ಮತವಿತ್ತರೂ ಉರುಳದಷ್ಟು ಬಲವಿರುವವರು ಆ ಮತಕ್ಕೆ ಅಂಜಬೇಕಾದ ಕಾರಣವೇನು?